ಒಂದು ಸಲ ಹಾರಿಸಿದ್ದು

ಹಿತ್ತಾಳೆಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನೊಬ್ಬಳೇ ಇರಬೇಕು. ಬಂಗಾರದ ಮೇಲಾದರೆ ಹೇಳಿಕೊಳ್ಳಲು ಒಂದು ಮರ್ಯಾದೆ ಇರುತ್ತದೆ. ನನ್ನದು ಬೆರಳುದ್ದದ ಖಾಲಿ ಕೊಳವೆಗಳ ಮೇಲೆ, ರೈಫಲ್ಲಿನ ತೋಟಾದ ಕೇಸುಗಳ ಮೇಲೆ.

ನಮ್ಮವರಿಗೆ ಗುರಿ ಹೊಡೆಯುವ ಹವ್ಯಾಸವಿತ್ತು. ವಾರವಿಡೀ ಅಮೆರಿಕದ ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ಅಳತೆಯ ಕೆಲಸ, ಶನಿವಾರ ಬೆಟ್ಟದ ಕಡೆಯ ಶೂಟಿಂಗ್ ರೇಂಜು. ಕಾಗದದ ಮೇಲಿನ ಕಪ್ಪು ಚುಕ್ಕೆಯನ್ನು ಬಿಟ್ಟು ಒಂದು ಹಕ್ಕಿಯನ್ನೂ ಹೊಡೆದವರಲ್ಲ. ಖಾಲಿ ಕೇಸಿಗೆ ಮದ್ದು, ಗುಂಡು ಹಾಕಿ ತೋಟಾಗಳನ್ನು ಅವರೇ ತುಂಬಿಕೊಳ್ಳುತ್ತಿದ್ದರು. ಗ್ಯಾರೇಜಿನಲ್ಲಿ ನನ್ನ ದೋಸೆಹಿಟ್ಟಿನ ಗ್ರೈಂಡರು, ಅದರ ಪಕ್ಕ ತೋಟಾ ತುಂಬುವ ಅವರ ಕೈ ಪ್ರೆಸ್ಸು.

ಅಂಗಡಿಯಿಂದ ಬಂದ ಹೊಸ ಕೇಸನ್ನು ಯಾವ ರೈಫಲ್ಲಿಗಾದರೂ ಹೋಗಲೆಂದು ತುಸು ಸಣ್ಣದಾಗಿಯೇ ಮಾಡಿರುತ್ತಾರಂತೆ. ಒಂದು ಸಲ ಹಾರಿಸಿದರೆ ಒಳಗಿನ ಬೆಂಕಿಯ ಒತ್ತಡಕ್ಕೆ ಅದು ಉಬ್ಬಿ, ಆ ರೈಫಲ್ಲಿನ ಒಳಮೈಗೆ ಒತ್ತಿಕೊಂಡು, ಅದರದೇ ಆಕಾರ ಪಡೆದು ಹೊರಗೆ ಬರುತ್ತದೆ. ಇದಕ್ಕೆ ಫೈರ್ ಫಾರ್ಮಿಂಗು ಎನ್ನುತ್ತಾರೆ. ಆಮೇಲೆ ಆ ಕೇಸು ಇನ್ನೊಬ್ಬರ ರೈಫಲ್ಲಿನಲ್ಲಿ ಸಲೀಸಾಗಿ ಕೂರುವುದಿಲ್ಲ.

"ಒಂದೇ ಸಲಕ್ಕೆ ನೋಡು, ಹೆಂಗೆ ಹೊಂದ್ಕೊಂಡ್ಬಿಡ್ತು," ಎನ್ನುತ್ತಿದ್ದರು.

"ನಾನು ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇನ್ನೂ ಹೊಂದ್ಕೊಂಡಿಲ್ಲ ಅಂತೀರಿ."

"ನೀನು ಹಿತ್ತಾಳೆ ಅಲ್ವಲ್ಲ, ಉಕ್ಕು."

ನನ್ನ ಅಜ್ಜಿ ಹೊಸ ಕಬ್ಬಿಣದ ಹೆಂಚಿಗೆ ಎಣ್ಣೆ ಸವರಿ, ಈರುಳ್ಳಿ ತಿಕ್ಕಿ, ವಾರಗಟ್ಟಲೆ ಪಳಗಿಸುತ್ತಿದ್ದಳು. ಪಳಗಿದ ಮೇಲೆ ಪಕ್ಕದ ಮನೆಯವರು ಬೇಡಿದರೂ ಕೊಡುತ್ತಿರಲಿಲ್ಲ. ಆದ್ದರಿಂದ ಈ ವಿದ್ಯೆ ನನಗೆ ಅರ್ಥವಾಗದ್ದೇನಲ್ಲ. ಆದರೆ ಅಜ್ಜಿ ಹೆಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಇವರು ನೋಡುತ್ತಿದ್ದರು. ನಾನು ಹೊಸ ಸೀರೆ ಉಟ್ಟು ಗ್ಯಾರೇಜಿನ ಬಾಗಿಲಲ್ಲಿ ನಿಂತರೆ, "ಸ್ವಲ್ಪ ಪಕ್ಕಕ್ಕೆ ಬಾ, ಬೆಳಕು ಬರ್ತಿಲ್ಲ," ಎನ್ನುತ್ತಿದ್ದರು.

ಹಿತ್ತಾಳೆ ಬಿಟ್ಟರೆ ನನ್ನ ಹೊಟ್ಟೆಕಿಚ್ಚಿಗೆ ಪಾತ್ರನಾದವನು ಬಸವರಾಜ. ಧಾರವಾಡದ ಕಡೆಯವನು, ಇವರ ರೇಂಜಿನ ಗೆಳೆಯ. ಶನಿವಾರಗಳೆಲ್ಲ ಅವನ ಪಾಲು. "ಬರ್ತೀಯಾ?" ಎಂದು ಇವರು ನನ್ನನ್ನು ಕೇಳದೆ ಹೊರಟದ್ದೇ ಇಲ್ಲ, "ಆ ಢಂ ಢಂ ನಂಗೆ ಬೇಡ," ಎಂದವಳು ನಾನೇ. ಆದರೂ ಇವರಿಗೆ ಇಷ್ಟವೆಂದು ಮೆತ್ತಗೆ ಮಾಡಿದ ಉಪ್ಪಿಟ್ಟಿನ ಡಬ್ಬಿ ಕಟ್ಟಿ ಕಳಿಸಿ, ಕಾರು ತಿರುವು ದಾಟುವವರೆಗೆ ಕಿಟಕಿಯಲ್ಲಿ ನಿಂತು ಉರಿದುಕೊಳ್ಳುತ್ತಿದ್ದೆ.

ಕಳೆದ ಚಳಿಗಾಲ ಇವರು ಹೋದರು. ಹೃದಯ ನಿಂತಿತು, ಅಷ್ಟೆ. ರೈಫಲ್ಲಿನ ಕಾಗದಪತ್ರ ನನ್ನ ಹೆಸರಿಗಾಯಿತು. ಪ್ರೆಸ್ಸಿನ ಪಕ್ಕ ಎರಡು ಡಬ್ಬಿ ಉಳಿದವು. ಒಂದರ ಮೇಲೆ ಇವರ ಕೈಬರಹದಲ್ಲಿ 'ಹೊಸದು', ಇನ್ನೊಂದರ ಮೇಲೆ 'ಒಂದು ಸಲ ಹಾರಿಸಿದ್ದು'.

ಸಾವಾದ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಯುಗಾದಿ ಬಂತು; ಪ್ರತಿ ವರ್ಷ ದೀಪದ ಕಂಬ ತಿಕ್ಕಿ ರೂಢಿಯಾದ ಕೈಗೆ ಕೆಲಸವಿರಲಿಲ್ಲ. ಹಿತ್ತಾಳೆ ಎಂದರೆ ಹಿತ್ತಾಳೆಯೇ ಎಂದುಕೊಂಡು ಎರಡೂ ಡಬ್ಬಿಗಳನ್ನು ಒಂದೇ ಬೋಗುಣಿಗೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೇಸುಗಳ ಕತ್ತಿನ ಮಸಿಯೆಲ್ಲ ಹೋಗಿ ಫಳಫಳ ಹೊಳೆದವು.

ಮುಂದಿನ ವಾರ ಬಸವರಾಜ ಬಂದ. ಬೋಗುಣಿಯಿಂದ ಒಂದು ಕೇಸನ್ನು ಎತ್ತಿ ತಿರುಗಿಸಿ ನೋಡಿದ.

"ದೇವರ ಸಾಮಾನ ತಿಕ್ಕಿದಂಗ ತಿಕ್ಕೀರಲ್ರಿ ವೈನಿ. ಇದರಾಗ ಹೊಸಾದು ಯಾವುದು, ಹಾರಿಸಿದ್ದು ಯಾವುದು?"

"ಮಾಸಿತ್ತು, ಬೆಳಗಿದೆ."

"ಅಣ್ಣ ಇದ್ದಿದ್ರ ಇವತ್ತ ಊಟಾ ಬಿಡತಿದ್ದ."

ಇವರ ಕ್ಯಾಲಿಪರ್ ತೆಗೆದುಕೊಂಡು ಒಂದೊಂದನ್ನೇ ಅಳೆಯುತ್ತ ಕುಳಿತ. ಕಣ್ಣಿಗೆ ಎಲ್ಲವೂ ಒಂದೇ. ಅಳತೆಯಲ್ಲಿ ಮಾತ್ರ ಕೂದಲೆಳೆಯಷ್ಟು ವ್ಯತ್ಯಾಸ. ಸಂಜೆಯ ಹೊತ್ತಿಗೆ ಎರಡು ಗುಡ್ಡೆಯಾದವು. ಇವರು ಹಾರಿಸಿದ್ದು ಮೂವತ್ತೊಂದು, ಉಳಿದದ್ದು ಹತ್ತೊಂಬತ್ತು. ಆಮೇಲೆ ಬಂದ ವಿಷಯ ಹೇಳಿದ.

"ರೈಫಲ್ಲು ನನಗ ಕೊಡತೀರೇನು? ಕಾನೂನು ಪ್ರಕಾರ, ಬಂದೂಕಿನ ಅಂಗಡ್ಯಾಗ ಕಾಗದ ಮಾಡಿಸಿ ತಗೋತೇನಿ. ಸುಮ್ನ ಇಟ್ರ ಹಾಳಾಗ್ತದ."

ಶನಿವಾರಗಳನ್ನು ತೆಗೆದುಕೊಂಡದ್ದು ಸಾಲದೆ ಇದೂ ಬೇಕೇ ಎನಿಸಿತು. ಮೂವತ್ತೊಂದರ ಗುಡ್ಡೆಯಿಂದ ಒಂದನ್ನು ಎತ್ತಿ ಹಿಡಿದೆ. ಇವರ ಗುರುತು ಇಷ್ಟು ಚೊಕ್ಕವಾಗಿ ಇದರಲ್ಲಿ ಉಳಿದಿದೆ; ಒಂದೇ ಸಲಕ್ಕೆ ಸಿಕ್ಕಿದ್ದು. ಅದನ್ನು ಇನ್ನೊಬ್ಬರ ಜೇಬಿಗೆ ಹೇಗೆ ಹಾಕಲಿ?

"ಉಳಿದ ಹತ್ತೊಂಬತ್ತನ್ನ ತುಂಬ್ಕೊಡು ಬಸು. ನಾನೇ ಬರ್ತೀನಿ ರೇಂಜಿಗೆ. ರೈಫಲ್ಲಿನ ಮಾತು ಆಮೇಲೆ."

"ಆ ಢಂ ಢಂ ಬ್ಯಾಡ ಅಂತಿದ್ರೆಲ್ಲ ನೀವು?"

ಅದನ್ನೂ ಇವನಿಗೆ ಹೇಳಿದ್ದಾರೆ! ಇನ್ನಷ್ಟು ಉರಿಯಿತು.

ಶನಿವಾರ ಹೋದೆವು. ಬಸವರಾಜ ಹೇಳಿಕೊಟ್ಟಂತೆ ಹೆಗಲಿಗಿಟ್ಟು, ಉಸಿರು ಬಿಗಿಹಿಡಿದು ಒತ್ತಿದೆ. ಗುಂಡು ಪಕ್ಕದವರ ಕಾಗದಕ್ಕೆ ಹೋಯಿತು. ಅವರು ಸಭ್ಯರು, ಒಂದು ತೂತು ಜಾಸ್ತಿಯಾಯಿತೆಂದು ಕೈಬೀಸಿದರು. ಹೊರಬಂದ ಕೇಸು ತುಸು ಆರಿದ ಮೇಲೆ ಅಂಗೈಯಲ್ಲಿ ಹಿಡಿದುಕೊಂಡೆ, ಇನ್ನೂ ಬೆಚ್ಚಗಿತ್ತು. ಬಸವರಾಜ ಅದನ್ನು ಅಳೆದ. ಇವರು ಹಾರಿಸಿದ್ದೊಂದನ್ನು ಜೊತೆಯಲ್ಲಿ ತಂದಿದ್ದ, ಅದನ್ನೂ ಅಳೆದ.

"ಕೂದಲಿನಷ್ಟೂ ಫರಕ್ ಇಲ್ರಿ ವೈನಿ. ಅಣ್ಣ ಹಾರಿಸಿದ್ರೇನು, ನೀವು ಹಾರಿಸಿದ್ರೇನು."

ನಾನು ಎರಡನ್ನೂ ಬಹಳ ಹೊತ್ತು ನೋಡಿದೆ. ಹಾಗಾದರೆ ಆ ಕೇಸು ಹೊಂದಿಕೊಂಡದ್ದು ರೈಫಲ್ಲಿಗೆ, ಇವರಿಗಲ್ಲ. ಹಾರಿಸಿದವರು ಯಾರೆಂದು ಅದಕ್ಕೆ ಗೊತ್ತೇ ಇಲ್ಲ. ಇಷ್ಟು ವರ್ಷ ಯಾರ ಮೇಲೋ ಉರಿದುಕೊಂಡು ಸುಮ್ಮನೆ ಸೊರಗಿದೆ.

"ರೈಫಲ್ಲು ನೀನೇ ತಗೋ ಬಸು," ಎಂದೆ. "ಕೇಸುಗಳನ್ನೂ."

ನಾನು ಕಟ್ಟಿತಂದಿದ್ದ ಉಪ್ಪಿಟ್ಟಿನ ಡಬ್ಬಿ ತೆರೆದು ಅವನ ಮುಂದಿಟ್ಟೆ.

"ಈ ಡಬ್ಬಿ ನೋಡಿ ಎಷ್ಟು ವರ್ಷ ಹೊಟ್ಟಿ ಉರಕೊಂಡೇನಿ ಗೊತ್ತೇನ್ರಿ? ಅಣ್ಣ ಒಂದು ಚಮಚಾನೂ ಕೊಡತಿರಲಿಲ್ಲ." ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ತುತ್ತು ತಿಂದು, ಸಂಕೋಚದಿಂದ ಕೇಳಿದ: "ರುಚಿ ಅದ. ಆದ್ರ ಭಾಳ ಮೆತ್ತಗ ಆಗೇದ. ನಿಮ್ಮ ಮಂಡ್ಯದ ಕಡೆ ಉಪ್ಪಿಟ್ಟು ಹಿಂಗ ಮಾಡತಾರೇನು?"

"ಇಲ್ಲ, ನಮ್ಮ ತವರಲ್ಲಿ ಉದುರುದುರಾಗೇ ಮಾಡೋದು," ಎಂದೆ. "ನಂಗೆ ಈಗ ಹಂಗೆ ಮಾಡೋಕೆ ಬರಲ್ಲ."