ಅಡುಗೆಮನೆಯ ಸೋಬಾನೆ

ಟ್ರಂಕಿನ ಮುಚ್ಚಳ ತೆರೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅವ್ವನ ಇಳಕಲ್ ಸೀರೆಗಳ ಅಡಿಯಲ್ಲಿ ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟು ಸಿಕ್ಕಿತು. ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ಅಕ್ಕ ನೆನಪಾಗಲಿಲ್ಲ, ಆಕೆಯ ಗಂಡನೂ ನೆನಪಾಗಲಿಲ್ಲ. ನೆನಪಾದದ್ದು ನಮ್ಮೂರು ಮಾದನಹಿಪ್ಪರಗಾದಲ್ಲಿ ಮಗ್ಗುಲ ಮನೆಯಲ್ಲಿದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು. ಆಕೆಯ ಜೊತೆಗೇ ನನ್ನ ಹಳೆಯ ಸಿಟ್ಟೂ ಎದ್ದು ಬಂತು...

ಕ್ಯಾಸೆಟ್ಟು ಹುಡುಕಿದ್ದು ಆಳಂದದ ನಮ್ಮ ಮನೆಯ ಹೊಸ ಟಿವಿಗಾಗಿ. ಆ ಟಿವಿಯೂ ಒಂದು ಶನಿ. ಹಚ್ಚಿದರೆ ಸಾಕು, ಹೆಸರು ಕೊಡು, ನಂಬರು ಕೊಡು, ಇದನ್ನು ಕೊಳ್ಳು, ಅದನ್ನು ಕೊಳ್ಳು. ನನ್ನ ಮನೆಯಲ್ಲಿ ಕೂತು ನನ್ನ ಅಕ್ಕನ ಮದುವೆ ನೋಡಲು ನನಗೆ ಯಾವನ ಅಪ್ಪಣೆ ಬೇಕು? ಸಾಬೂನಿನ ಬಿಲ್ಲೆಯಷ್ಟೇ ಇರುವ ಒಂದು ಕಂಪ್ಯೂಟರ್ ತರಿಸಿದೆ. ಮೆಮೊರಿ ಕಾರ್ಡಿಗೆ ಯಾರ ಅಪ್ಪಣೆಯೂ ಬೇಡದ ಲಿನಕ್ಸ್ ತಂತ್ರಾಂಶ ಹಾಕಿ, ಅದನ್ನು ಟಿವಿಯ ಬೆನ್ನಿಗೆ ಅಂಟಿಸಿ, ಹಾರ್ಡ್ ಡಿಸ್ಕ್ ಜೋಡಿಸಿದೆ. ಕ್ಯಾಸೆಟ್ಟನ್ನು ಕಲಬುರಗಿಯ ಒಂದು ಅಂಗಡಿಯಲ್ಲಿ ಕಂಪ್ಯೂಟರಿಗೆ ಹೊಂದುವಂತೆ ಮಾಡಿಸಿಕೊಂಡು ಬಂದೆ. ಇಡೀ ಶಾಲೆಯ ಕಂಪ್ಯೂಟರುಗಳ ರಗಳೆ ನೋಡಿಕೊಂಡವಳು ನಾನು, ಇದೇನು ಮಹಾ ಕೆಲಸವಲ್ಲ.

ಮೊದಲ ಸಲ ಹಚ್ಚಿದಾಗ ಚಿತ್ರ ಬಂತು, ಧ್ವನಿ ಬರಲಿಲ್ಲ. ಕಂಪ್ಯೂಟರು ಧ್ವನಿಯನ್ನು ಟಿವಿಗೆ ಕಳಿಸುವ ಬದಲು ತನ್ನ ಇಯರ್‌ಫೋನ್ ತೂತಿಗೆ ಕಳಿಸುತ್ತಿತ್ತು. ಅದನ್ನು ಸರಿಪಡಿಸುವ ಮೊದಲು ಸುಮ್ಮನೆ ನೋಡುತ್ತ ಕುಳಿತೆ. ಸುರಗಿಯ ಶಾಸ್ತ್ರ ನಡೆದಿತ್ತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಅಕ್ಕನನ್ನು ಕೂರಿಸಿ, ಮುತ್ತೈದೆಯರು ಅರಿಶಿಣ ಹಚ್ಚುತ್ತ ಸೋಬಾನೆ ಹಾಡುತ್ತಿದ್ದರು. ಹಾಡುತ್ತಿದ್ದರು ಅನ್ನುವುದೇ ಸುಳ್ಳು. ಒಬ್ಬಳು ಎಲೆ ಅಡಿಕೆ ಅಗಿಯುತ್ತಿದ್ದಳು, ಇನ್ನೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಎಲ್ಲರಿಗಿಂತ ಮುಂದೆ ಕೂತಿದ್ದ ನನ್ನ ಸೋದರತ್ತೆ ಕ್ಯಾಮೆರಾ ತನ್ನ ಕಡೆ ತಿರುಗಿದಾಗಷ್ಟೇ ಬಾಯಿ ತೆರೆಯುತ್ತಿದ್ದಳು.

ಸೆಟ್ಟಿಂಗಿಗೆ ಹೋಗಿ ಧ್ವನಿಯ ದಾರಿ ಬದಲಿಸಿದೆ. ಮನೆ ತುಂಬ ಕಾಕುವಿನ ದನಿ ಬಂತು. ಟಿವಿಯಲ್ಲಿ ಎಷ್ಟು ಹುಡುಕಿದರೂ ಕಾಕು ಇರಲಿಲ್ಲ.

ಹೇಗೆ ಇರುತ್ತಾಳೆ? ಆಕೆಯನ್ನು ಅಡುಗೆಮನೆಯಲ್ಲಿ ಕೂರಿಸಿದ್ದರಲ್ಲ.

ಕಾಕುವಿನ ಗಂಡ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದನಂತೆ. ನಾನು ಕಂಡಾಗಿನಿಂದ ಆಕೆ ಒಬ್ಬಳೇ. ರೊಟ್ಟಿ ಬಡಿಯುವ ಸಪ್ಪಳಕ್ಕೆ ತಾಳ ಹೊಂದಿಸಿ ಹಾಡುವವಳು. ಕೋಳಿಗೆ ಬಯ್ದರೂ ಅದರಲ್ಲೊಂದು ರಾಗ ಇರುತ್ತಿತ್ತು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಸೋಬಾನೆ ಕಲಿಸಿದವಳು ಆಕೆಯೇ. ನಮಗೆ ಸಾಲು ತಪ್ಪಿದರೆ, “ನಿನ್ನ ಲಗ್ನದಾಗೂ ಹಿಂಗ ಹಾಡಿದ್ರ ಗಂಡ ಎದ್ದು ಓಡ್ತಾನ ಬೇ” ಎಂದು ನಗುತ್ತಿದ್ದಳು. ಊರಿನ ಯಾವ ಮದುವೆಯೂ ಆಕೆಯ ದನಿಯಿಲ್ಲದೆ ಆಗುತ್ತಿರಲಿಲ್ಲ. ಆದರೆ ಗಂಡ ಸತ್ತವಳು ಸುರಗಿಯ ಹತ್ತಿರ ಬರಬಾರದು. ಅದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ಕಾಕು ಒಳಗೆ ಬಾಗಿಲ ಮರೆಯಲ್ಲಿ ಕೂತು ಹಾಡಬೇಕು, ಮುತ್ತೈದೆಯರು ಹೊರಗೆ ಕೂತು ದನಿಗೂಡಿಸಬೇಕು. ದನಿಗೆ ಮೈಲಿಗೆ ಇಲ್ಲ, ಮುಖಕ್ಕೆ ಇದೆ. ಎಂಥ ಬುದ್ಧಿವಂತರು ನೋಡಿ.

ಅಕ್ಕನ ಸುರಗಿಯ ದಿನ ನಾನು ಅವ್ವನನ್ನು ಕೇಳಿದ್ದೆ, ಕಾಕು ಯಾಕೆ ಹೊರಗೆ ಬರಬಾರದು ಅಂತ.

“ಸುಮ್ಮ ಕೂಡ ಬೇ. ನಿಂದೊಂದು ಹೆಚ್ಚಿಗಿ” ಎಂದಳು ಅವ್ವ.

ಅವ್ವನ ತಲೆಯ ಮೇಲೆ, ಗೋಡೆಯಲ್ಲಿ ಬಸವಣ್ಣನ ಪಟ ಇತ್ತು. ಅದಕ್ಕೆ ಅವತ್ತಷ್ಟೇ ಹೊಸ ಹಾರ ಹಾಕಿದ್ದರು. ದಿನಾ ವಿಭೂತಿ ಹಚ್ಚಿಕೊಂಡು ವಚನ ಹೇಳುವ ಮನೆ ನಮ್ಮದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ಸುಮ್ಮನೆ ಅಂದಿದ್ದಾರೆಯೇ?

ಮದುವೆ ಮುಗಿದು ಕೆಲವು ದಿನಗಳಾದ ಮೇಲೆ ವಿಡಿಯೋದವನು ಕ್ಯಾಸೆಟ್ಟು ತಂದ. ಅದನ್ನು ಹಾಕಿ ತೋರಿಸುವ ಯಂತ್ರವನ್ನೂ ಅವನೇ ತಂದಿದ್ದ. ಓಣಿಗೆ ಓಣಿಯೇ ನಮ್ಮ ಪಡಸಾಲೆಯಲ್ಲಿ ಸೇರಿತ್ತು. ಕಾಕು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಹೊಸ್ತಿಲ ಹತ್ತಿರ ಕೂತಳು. ಸುರಗಿಯ ಹಾಡು ಬಂದಾಗ ಎಲ್ಲರೂ ಟಿವಿಯಲ್ಲಿ ತಮ್ಮ ತಮ್ಮ ಮುಖ ಹುಡುಕುತ್ತಿದ್ದರು. ಕಾಕುವೂ ಹುಡುಕಿದಳು. ಹಾಡು ಮುಗಿಯುವವರೆಗೂ ಕುತ್ತಿಗೆ ಚಾಚಿಯೇ ಇದ್ದಳು. ಮುಗಿದ ಮೇಲೆ ವಿಡಿಯೋದವನಿಗೆ ಮೆಲ್ಲಗೆ ಕೇಳಿದಳು.

“ನನ್ನ ದನಿ ತಗೊಂಡೀಯಲ್ಲ ತಮ್ಮಾ, ಮಾರಿ ಯಾಕ ಬಿಟ್ಟಿ?”

ಅವನು ತಲೆ ಕೆರೆದುಕೊಂಡ. “ಆ ಕಡಿ ಕ್ಯಾಮೆರಾ ತಿರುಗಸಬ್ಯಾಡ ಅಂತ ಅತ್ತಿಯವ್ರು ಹೇಳಿದ್ರು ಕಾಕು. ಅಪಶಕುನ ಆಗ್ತದಂತ.”

ಸೋದರತ್ತೆ ಅಲ್ಲೇ ಇದ್ದಳು. ಕಾಕು ಸೆರಗು ಸರಿಮಾಡಿಕೊಂಡು ಎದ್ದು ಹೋದಳು... ಅವಲಕ್ಕಿಯ ತಾಟು ಹಿಡಿದು ಬಂದ ಅವ್ವ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದಳು.

ಅಲ್ಲಿಂದ ಮುಂದೆ ಕಾಕು ಯಾರ ಮದುವೆಗೂ ಹಾಡಲಿಲ್ಲ. ಕರೆಯಲು ಹೋದವರಿಗೆ ಗಂಟಲು ನೋವು ಅನ್ನುತ್ತಿದ್ದಳು. “ಸೊಕ್ಕು ಬಂದದ ಆಕಿಗಿ” ಎಂದು ಊರು ಆಡಿಕೊಂಡಿತು. ಸೊಕ್ಕಂತೆ. ಇವರು ಬಾಗಿಲ ಮರೆಯಲ್ಲಿ ಕೂರಿಸಿದ್ದು ಮರ್ಯಾದೆ, ಆಕೆ ಬರುವುದಿಲ್ಲ ಅಂದದ್ದು ಸೊಕ್ಕು. ನಾನು ಕಲಬುರಗಿಯಲ್ಲಿ ಓದುತ್ತಿದ್ದಾಗ ಕಾಕು ತೀರಿಕೊಂಡಳು. ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿ ಮುಗಿದ ಮೇಲೆ.

ಈಗಿನ ಮಾತಿಗೆ ಬರುತ್ತೇನೆ. ಟಿವಿ ಸಜ್ಜಾದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದೆ. ಸೋದರತ್ತೆಯೂ ಮಗನ ಜೊತೆ ಬಂದಳು. ಅತ್ತೆಗೂ ಈಗ ಗಂಡನಿಲ್ಲ. ಮಗ ಕೈಹಿಡಿದು ತಂದು ಎಲ್ಲರ ಮುಂದೆ ಸೋಫಾದಲ್ಲಿ ಕೂರಿಸಿದ. ಅದು ಸರಿಯೇ, ಹಾಗೇ ಆಗಬೇಕು. ನನ್ನ ತಕರಾರು ಅದಕ್ಕಲ್ಲ. ಸುರಗಿಯ ಹಾಡು ಬಂದಾಗ ಅವನ ಕಣ್ಣಲ್ಲಿ ನೀರು ಬಂತು.

“ನಮ್ಮವ್ವನ ದನಿ ಹೆಂಗಿತ್ತು ನೋಡಕ್ಕಾ. ಇದನ್ನ ಪೆನ್‌ಡ್ರೈವಿಗಿ ಹಾಕಿ ಕೊಡು, ಮಕ್ಕಳಿಗಿ ತೋರಸ್ತೇನಿ.”

“ಅದು ನಿಮ್ಮವ್ವನ ದನಿ ಅಲ್ಲಪಾ. ಮಗ್ಗಲ ಮನಿ ಕಾಕುಂದು” ಎಂದೆ.

ಅವನು ತಾಯಿಯ ಮುಖ ನೋಡಿದ. ನಾನೂ ನೋಡಿದೆ. ಒಂದು ಮಾತು ಸಾಕಿತ್ತು. ಹೌದು, ಆಕೆಯದೇ ಅಂದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅತ್ತೆ ಕೈಯ ಬಂಗಾರದ ಬಳೆ ತಿರುವುತ್ತ ಹೇಳಿದಳು:

“ಎಲ್ಲಾರೂ ಕೂಡೇ ಹಾಡೇವಿ ಬಿಡವ್ವ. ಸತ್ತವರ ಮಾತು ಈಗ್ಯಾಕ?”

ಸುಮ್ಮನೆ ಒಳಗೆ ಹೋಗಿ ಪೆನ್‌ಡ್ರೈವ್ ತಂದು, ವಿಡಿಯೋದಿಂದ ಹಾಡನ್ನು ಬೇರೆ ಮಾಡಿದೆ. ಚಿತ್ರವನ್ನಷ್ಟೇ ಹಾಕಿ ಕೊಟ್ಟೆ. ಅವರು ಮನೆ ಮುಟ್ಟಿದ ಮೇಲೆ ಅವನ ಫೋನ್ ಬಂತು.

“ಅಕ್ಕಾ, ಇದರಾಗ ಆವಾಜೇ ಬರವಲ್ದಲ್ಲ?”

“ನಿಮ್ಮವ್ವಂದು ಎಷ್ಟದನೋ ಅಷ್ಟು ಕೊಟ್ಟೇನಿ ತಮ್ಮಾ” ಎಂದೆ.

ಅಂದಿನಿಂದ ಅವರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ಬಿಡಲಿ.

ಆ ಹಾಡನ್ನು ಬೇರೆಯಾಗಿಯೇ ಇಟ್ಟಿದ್ದೇನೆ. ಹಾಡಿದವರು ಯಾರು ಎಂದು ಕಂಪ್ಯೂಟರು ಕೇಳುವ ಕಡೆ ಆಕೆಯ ಹೆಸರು ಬರೆದೆ. ಕಾಕು ಅಂತಲ್ಲ, ತಾಯಿ ತಂದೆ ಇಟ್ಟಿದ್ದ ಪೂರ್ತಿ ಹೆಸರು. ಪಕ್ಕದಲ್ಲಿ ಅದು ಫೋಟೋ ಕೇಳುತ್ತದೆ. ಎಲ್ಲಿಂದ ತರಲಿ? ಖಜೂರಿಯಲ್ಲಿರುವ ಆಕೆಯ ತವರಿಗೂ ಹೋಗಿ ಕೇಳಿ ಬಂದೆ. ಅಣ್ಣನ ಮಕ್ಕಳು ಪಾಪ, ಮನೆಯಲ್ಲಿದ್ದ ಆಲ್ಬಮ್ಮುಗಳನ್ನೆಲ್ಲ ತೆಗೆದು ತೋರಿಸಿದರು. ಮದುವೆ, ತೊಟ್ಟಿಲು, ಗೃಹಪ್ರವೇಶ... ಒಂದರಲ್ಲೂ ಕಾಕು ಇಲ್ಲ.

ಹಾಡು ಹಚ್ಚಿದಾಗ ಟಿವಿಯ ಮೇಲೆ ಬರೀ ಒಂದು ಬೂದು ಬಣ್ಣದ ಚೌಕ ಬರುತ್ತದೆ. ನಾನು ಅದನ್ನೇ ನೋಡುತ್ತ ಆಕೆಯ ಮುಖ ನೆನಪು ಮಾಡಿಕೊಳ್ಳುತ್ತೇನೆ. ಹಣೆಯ ಮೇಲಿನ ವಿಭೂತಿ ನೆನಪಿದೆ. ನಕ್ಕಾಗ ಕಾಣುತ್ತಿದ್ದ ವಕ್ರ ಹಲ್ಲು ನೆನಪಿದೆ. ಉಳಿದದ್ದು... ಈಗೀಗ ನನಗೂ ಸರಿಯಾಗಿ ಬರುತ್ತಿಲ್ಲ.