ಮಂಗಳಾಗೌರಿ ಟೀಚರ್ ಕೇಳುತ್ತಿದ್ದ ಮನೆ ಸುದ್ದಿ

ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸ್ ಹತ್ತಿರದ ಪುಟ್ಟ ಶಾಲೆಯೊಂದರಲ್ಲಿ ಮಂಗಳಾಗೌರಿ ಯುಕೆಜಿ ಟೀಚರು. ದಾವಣಗೆರೆಯವರು, ಈ ಊರಿನ ದುರ್ಗಾಪ್ರಸಾದರನ್ನು ಮದುವೆಯಾಗಿ ಬಂದು ಇಲ್ಲೇ ತಲೆ ನರೆತಿದೆ. ಕನಸೂ ಈಗ ತೆಲುಗಿನಲ್ಲೇ ಬೀಳುತ್ತದೆಂದು ತಾವೇ ನಗುತ್ತಾರೆ. ಅವರ ತರಗತಿಯಲ್ಲಿ ಬೆಳಿಗ್ಗೆ ಮೊದಲು ಅಕ್ಷರವಿಲ್ಲ, ಅಂಕಿಯಿಲ್ಲ. ಮಕ್ಕಳು ಸುತ್ತ ಕೂತು ಮನೆ ಸುದ್ದಿ ಹೇಳಬೇಕು. ಬೆಕ್ಕು ಮರಿ ಹಾಕಿದ್ದು, ಅಜ್ಜಿ ಮುನಿಸಿಕೊಂಡದ್ದು, ಎಲ್ಲಕ್ಕೂ ಅಲ್ಲಿ ಬೆಲೆಯುಂಟು. ಮನಸ್ಸು ಹಗುರಾದರೆ ಪಾಠ ತಾನಾಗಿ ತಲೆಗೆ ಹತ್ತುತ್ತದೆ ಎಂಬುದು ಅವರ ನಂಬಿಕೆ.

ಈ ವರ್ಷ ಹರಿಣಿ ಬಂದಳು. ಅಪ್ಪ ಪೃಥ್ವೀರಾಜ್ ಗದಗ ಕಡೆಯವನು, ಯುದ್ಧನೌಕೆಯಲ್ಲಿ ನಾವಿಕ. ಮೊದಮೊದಲು ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಒಂದು ಸೋಮವಾರದಿಂದ ಬಾಯಿಗೆ ಬೀಗ ಹಾಕಿಕೊಂಡಳು. ಕನ್ನಡದಲ್ಲಿ ಕೇಳಿದರೂ ಇಲ್ಲ, ತೆಲುಗಿನಲ್ಲಿ ಕೇಳಿದರೂ ಇಲ್ಲ. ಒಮ್ಮೆ ಬಾತ್‌ರೂಮಿಗೆ ಹೋಗಬೇಕೆಂದೂ ಹೇಳದೆ ಕೂತಲ್ಲೇ ಒದ್ದೆ ಮಾಡಿಕೊಂಡಳು.

"ವಿಶೇಷ ಶಾಲೆಗೆ ಸೇರಿಸಿ ಅಂತ ತಾಯಿಗೆ ಹೇಳಿಬಿಡಿ," ಎಂದರು ಮುಖ್ಯೋಪಾಧ್ಯಾಯಿನಿ ಸೀತಾಮಹಾಲಕ್ಷ್ಮಿ.

ಮಂಗಳಾಗೌರಿ ಅದಕ್ಕೆ ಒಪ್ಪಲಿಲ್ಲ. ಹರಿಣಿಯ ತಾಯಿ ನಮ್ರತಾಳನ್ನು ಕರೆಸಿದರು.

"ಮನ್ಯಾಗ ಚೊಲೋ ಮಾತಾಡ್ತಾಳ್ರೀ ಟೀಚರ್. ಅವರಪ್ಪ ಹಡಗ ಹತ್ತಿದ ದಿನ ಒಂದ ಮಾತು ಹೇಳಿದ್ದೆ, ಅಷ್ಟ. ಅಪ್ಪ ಎಲ್ಲಿ ಹೋದ್ರು, ಯಾವಾಗ ಬರ್ತಾರ ಅಂತ ಸಾಲ್ಯಾಗ ಹೇಳಬ್ಯಾಡ, ಹೇಳಿದ್ರ ಹಡಗಿಗೆ ಕುತ್ತು ಅಂತ. ನಾವೆಲ್ಲಾರೂ ಮಕ್ಕಳಿಗೆ ಹಿಂಗ ಹೇಳ್ತೀವ್ರಿ."

ನೌಕಾಪಡೆಯವರ ಮನೆಗಳಲ್ಲಿ ಇದು ಉಣ್ಣುವ ಮುಂಚೆ ಕೈ ತೊಳೆಯುವಷ್ಟು ಸಹಜ. ಆದರೆ ಹೇಳಬಾರದ್ದು ಯಾವುದು, ಹೇಳಬಹುದಾದ್ದು ಯಾವುದು ಎಂದು ಐದು ವರ್ಷದ ಮಗು ಹೇಗೆ ಆರಿಸೀತು? ಶಾಲೆಯಲ್ಲಿ ಬಾಯಿ ತೆರೆದರೇ ಅಪ್ಪ ಮುಳುಗುತ್ತಾನೆ ಎಂದುಕೊಂಡಿತ್ತು. ಅಂಥ ಮಗುವನ್ನು ದಿನವೂ ಮುಂದೆ ಕೂರಿಸಿಕೊಂಡು "ಮನೆ ಸುದ್ದಿ ಹೇಳು" ಎಂದು ಕಾಡಿದವರು ತಾವೇ. ಮಂಗಳಾಗೌರಿ ನಮ್ರತಾಳ ಎದುರೇ ಅತ್ತುಬಿಟ್ಟರು.

ಮರುದಿನದಿಂದ ಸುದ್ದಿ ಕೇಳುವುದು ನಿಂತಿತು. ಮಕ್ಕಳನ್ನು ಅಂಗಳಕ್ಕೆ ಬಿಟ್ಟು, ಹರಿಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಏನೂ ಕೇಳದೆ ಇರುವೆ ಸಾಲು ನೋಡತೊಡಗಿದರು. ಹಲವು ದಿನ ಹೀಗೇ ಕಳೆಯಿತು.

"ಟೀಚರ್, ಇದು ರೆಕ್ಕಿ ಹೊತ್ಕೊಂಡು ಹೊಂಟೈತಿ!"

ಹೇಳಿದ್ದೇ ತಡ, ಹರಿಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನಾ ಮಾತಾಡಿಬಿಟ್ಟೆ. ಅಪ್ಪಗ ಏನಾರ ಆಗ್ತೈತೇನ್ರಿ?"

ಸಮುದ್ರದ ಮೇಲಿರುವವನ ಬಗ್ಗೆ ಯಾರು ತಾನೇ ಮಾತು ಕೊಟ್ಟಾರು? ಆದರೂ "ಏನೂ ಆಗಲ್ಲ ಬಂಗಾರ," ಎಂದರು ಮಂಗಳಾಗೌರಿ. ಆ ಹಡಗು ಬಂದರು ಸೇರುವವರೆಗೂ, ಗಾಳಿ ಜೋರಾದಾಗಲೆಲ್ಲ ಅವರಿಗೆ ನಿದ್ದೆ ಹತ್ತಲಿಲ್ಲ.