ಯಾರಿಗೆ ಯಾವ ಬೆರಳು

ಜರಗನಹಳ್ಳಿಯ ಹಿಂದಿನ ಬೀದಿಯಲ್ಲಿ ಬೆಳಗಿನ ಐದೂವರೆಗೆ ಒಂದು ಶಟರ್ ಮೇಲೇಳುತ್ತದೆ. ಕನಕಪುರ ರಸ್ತೆಯಲ್ಲಿ ಮೊದಲ ಬಸ್ಸುಗಳ ಸದ್ದು ಆಗಷ್ಟೇ ಶುರುವಾಗಿರುತ್ತದೆ. ಗಿರಿಜಾದೇವಿ ದೀಪ ಹಾಕಿ, ಮನೆಯಿಂದ ತಂದ ಫ್ಲಾಸ್ಕಿನ ಬಿಸಿನೀರನ್ನು ಸ್ಟೀಲ್ ಬೋಗುಣಿಗೆ ಸುರಿದು ಹದ ನೋಡುತ್ತಾರೆ. ಮೊದಲು ನೆನೆಯುವುದು ಅವರದೇ ಕೈ. ಎರಡು ನಿಮಿಷ ಬಿಟ್ಟು ಒರೆಸಿಕೊಂಡು, ಬಲಗೈಯ ಕಿರುಬೆರಳನ್ನು ಬೆಂಕಿಪೊಟ್ಟಣದಷ್ಟಿರುವ, ಬೆರಳ ಗುರುತು ಓದುವ ಯಂತ್ರದ ಗಾಜಿನ ಮೇಲೆ ಇಡುತ್ತಾರೆ. ಹಸಿರು ದೀಪ ಹತ್ತಿದರೆ ಕಂಪ್ಯೂಟರ್ ತೆರೆದುಕೊಳ್ಳುತ್ತದೆ. ಕೆಂಪು ಹತ್ತಿದರೆ ಮತ್ತೆ ನೀರು.

ಹೊರಗೆ ಜಗಲಿಯ ಮೇಲೆ ಆಗಲೇ ಆರೇಳು ಜನ ಕೂತಿದ್ದಾರೆ. ಮೊದಲನೆಯವರು ಲಕ್ಕವ್ವ. ಯಾದಗಿರಿ ಕಡೆಯಿಂದ ಬಂದು, ಅರವತ್ತೇಳರ ವಯಸ್ಸಿನಲ್ಲೂ ಜೆ.ಪಿ. ನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ.

"ಯಕ್ಕಾ, ಲಗೂನ ಮಾಡ್ರಿ. ಮ್ಯಾಡಮ್ಮಾರ ಮನ್ಯಾಗ ಭಾಂಡಿ ಕಾಯಾಕತ್ತಾವ."

"ಪಾತ್ರೆ ಎಲ್ಲೂ ಓಡ್‌ಹೋಗಲ್ಲ. ಕೂತ್ಕೊ, ಕೈ ಕೊಡು."

ಗಿರಿಜಾದೇವಿ ಆ ಕೈಯನ್ನು ಬೋಗುಣಿಯಲ್ಲಿ ಇಳಿಸಿ, ಹಳೆಯ ಪಂಚೆಯ ತುಂಡಿನಿಂದ ಒತ್ತಿ ಒರೆಸುತ್ತಾರೆ. ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸುತ್ತಾರೆ. ಹೆಬ್ಬೆರಳಿನ ತಂಟೆಗೇ ಹೋಗುವುದಿಲ್ಲ. ನೇರವಾಗಿ ಎಡಗೈಯ ಉಂಗುರದ ಬೆರಳನ್ನು ಹಿಡಿದು ಗಾಜಿನ ಮೇಲೆ ಇಡಿಸುತ್ತಾರೆ. ಹಸಿರು. ಈ ತಿಂಗಳ ಪಿಂಚಣಿಯ ಕೆಲಸ ಅಲ್ಲಿಗೆ ಮುಗಿಯಿತು.

ಪಿಂಚಣಿ ಕೈಗೆ ಬರಬೇಕಾದರೂ, ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಬೇಕಾದರೂ ಈಗ ಬೆರಳು ಬೇಕು. ದುಡಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಸೋಪಿನ ಪುಡಿ, ಸಿಮೆಂಟು, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಸೇರಿ ಅದನ್ನು ತಿಂದಿರುತ್ತವೆ. "ರಾತ್ರಿ ಮಲಗಿದ್ದಾಗ ಚರ್ಮ ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ಕೆಲಸಕ್ಕೆ ಕೈ ಹಾಕೋಕ್ಮುಂಚೆ ಹಿಡ್ಕೊಂಡ್ರೆ ಆಯ್ತು, ಇಲ್ಲಾಂದ್ರೆ ಇಲ್ಲ," ಎನ್ನುತ್ತಾರೆ ಗಿರಿಜಾದೇವಿ. ಶಟರ್ ಅಷ್ಟು ಬೇಗ ಏಳುವುದು ಇದಕ್ಕೇ.

ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಐವತ್ತೆಂಟು ವರ್ಷದ ಅವರು ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತಾರು ವರ್ಷ ಮನೆಯಲ್ಲಿ ಕೂತು ಊದುಬತ್ತಿ ಹೊಸೆದರು. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕೆ ಹೋದರೆ ಯಂತ್ರ ಅವರನ್ನು ಗುರುತಿಸಲಿಲ್ಲ. ನಾಲ್ಕು ತಿಂಗಳು ಅಲೆದರು. "ಕೌಂಟರಿನ ಹುಡುಗ ಹೆಬ್ಬೆಟ್ಟು, ಹೆಬ್ಬೆಟ್ಟು ಅಂತಾನೇ ಇದ್ದ. ಐದನೇ ಸಲ ನಾನೇ ಹತ್ತೂ ಬೆರಳು ಇಟ್ನೋಡ್ದೆ. ಬತ್ತಿ ಹೊಸೆಯೋವಾಗ ಕಿರುಬೆರಳು ಮೇಲೆತ್ಕೊಂಡಿರ್ತಿದ್ದೆ ನೋಡಿ, ಅದೊಂದು ಉಳ್ಕೊಂಡಿತ್ತು."

ಎರಡು ವರ್ಷದ ಹಿಂದೆ ಒಂದು ದಾನಿ ಟ್ರಸ್ಟು ದಕ್ಷಿಣ ಬೆಂಗಳೂರಿನ ಐದು ಕಡೆ ಇಂಥ ಸಹಾಯದ ಮೇಜುಗಳನ್ನು ಹಾಕಿತು. ಮೊಬೈಲು ಬಾರದವರಿಗೆ ಅರ್ಜಿ ತುಂಬಿಕೊಡುವುದು, ಪಿಂಚಣಿಗೆ ಬೆರಳು ಇಡಿಸುವುದು, ಬೀದಿದೀಪ ಕೆಟ್ಟರೆ ಟ್ರಸ್ಟಿನ ಆಪಿನಲ್ಲಿ ದೂರು ಹಾಕಿಸುವುದು ಅವುಗಳ ಕೆಲಸ. ಜರಗನಹಳ್ಳಿಯ ಮೇಜಿಗೆ ಕರಿಬಸವಯ್ಯ ಎಂಬವರು ತಮ್ಮ ಮನೆಯ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಗಿರಿಜಾದೇವಿ ಅಲ್ಲಿಗೆ ಬಂದದ್ದು ಕಸ ಗುಡಿಸಲು. ಮೇಜಿನ ಹುಡುಗಿ ಮೂರೇ ತಿಂಗಳಿಗೆ ಬೇರೆ ಕೆಲಸ ಹಿಡಿದಳು. ಅಷ್ಟರಲ್ಲಿ ಪಕ್ಕದಲ್ಲಿ ನಿಂತು ನೋಡಿ ನೋಡಿ ಇವರಿಗೆ ಎಲ್ಲವೂ ಬಂದಿತ್ತು. ಪೊರಕೆ ಮೂಲೆಗಿಟ್ಟು ಕುರ್ಚಿಯಲ್ಲಿ ಕೂತರು.

ಬೆಳಗ್ಗೆ ಹತ್ತರೊಳಗೆ ಹದಿನೈದು, ಹದಿನೇಳು ಜನ. ಹತ್ತರ ಮೇಲೆ ಮೂರು, ನಾಲ್ಕು. ಎಡವಟ್ಟಾದದ್ದು ಇಲ್ಲಿಯೇ. ಬಂದವರ ಲೆಕ್ಕ ಬರೆಯುವ ಟ್ರಸ್ಟಿನ ಆಪು ತೆರೆಯುತ್ತಿದ್ದುದು ಹತ್ತು ಗಂಟೆಗೆ; ಅದಕ್ಕೆ ಮುಂಚೆ ಬಂದವರು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಸಿರು ದೀಪ ಹತ್ತಿದರೆ ಅದು ತಾನಾಗಿಯೇ ಟ್ರಸ್ಟಿನವರಿಗೆ ಕಾಣುತ್ತದೆ ಎಂದು ಗಿರಿಜಾದೇವಿ ನಂಬಿದ್ದರು. ಕಳೆದ ಜನವರಿಯಲ್ಲಿ ಪತ್ರ ಬಂತು: ಜರಗನಹಳ್ಳಿಗೆ ದಿನಕ್ಕೆ ನಾಲ್ಕೇ ಜನ ಬರುತ್ತಿರುವುದರಿಂದ ಮಾರ್ಚಿಗೆ ಮೇಜು ಮುಚ್ಚಿ, ಯಂತ್ರವನ್ನು ಪದ್ಮನಾಭನಗರದ ಮೇಜಿಗೆ ಕೊಡಲಾಗುವುದು.

"ಎರಡು ದಿನ ಅನ್ನ ಸೇರ್ಲಿಲ್ಲ. ನನ್ ಸಂಬಳ ಹೋದ್ರೆ ಹೋಗ್ಲಿ, ಮತ್ತೆ ಬತ್ತಿ ಹೊಸೀತೀನಿ. ಇವ್ರೆಲ್ಲ ಎಲ್ಲಿಗ್ಹೋಗ್ಬೇಕು?" ಮೂರನೆಯ ದಿನ ಟ್ರಸ್ಟಿನ ಮೇಘಶ್ರೀಯವರಿಗೆ ಫೋನು ಮಾಡಿದರು. "ಒಂದಿನ ಐದೂವರೆಗೆ ಬಂದು ನೋಡಿ ಮೇಡಂ. ಆಮೇಲೆ ಮುಚ್ಚಿ."

ಮೇಘಶ್ರೀ ಬಂದರು. ನಾನೂ ಒಬ್ಬರದು ಮಾಡಿ ನೋಡುತ್ತೇನೆ ಎಂದು ಗಾರೆ ಕೆಲಸದ ಭೀಮಪ್ಪನವರ ಹೆಬ್ಬೆರಳು ಇಡಿಸಿದರು. ಕೆಂಪು. ತೋರುಬೆರಳು. ಕೆಂಪು.

"ಇಂಥ ಕೈ ಇಟ್ಕೊಂಡು ಸುಮ್ನೆ ಗಾರೆ ಕಲಸ್ದೆ ಮೇಡಂ. ಕಳ್ಳತನಕ್ಕೆ ಹೋಗಿದ್ರೆ ಯಾವ ಪೊಲೀಸ್ನೋರೂ ಹಿಡೀತಿರ್ಲಿಲ್ಲ," ಎಂದರು ಭೀಮಪ್ಪ.

"ಗಾರೆ ಕಲಸಿದ್ದಕ್ಕೇ ಕಣಪ್ಪ ಅಚ್ಚು ಹೋಗಿರೋದು, ಸುಮ್ನಿರು," ಎಂದ ಗಿರಿಜಾದೇವಿ, ಇನ್ನೊಬ್ಬರ ಕೈ ಒರೆಸುತ್ತ ತಲೆಯೆತ್ತದೆಯೇ ಹೇಳಿದರು: "ಎಡಗೈ ನಡುಬೆರಳು ಇಡ್ಸಿ ಮೇಡಂ. ಸ್ವಲ್ಪ ಓರೆಯಾಗಿ."

ಹಸಿರು.

"ಇದನ್ನೆಲ್ಲ ಎಲ್ಲಿ ಬರ್ದಿಟ್ಟಿದೀರಮ್ಮ?"

"ಬರೆಯೋದೇನು? ಕೈ ಹಿಡ್ಕೊಂಡ್ರೆ ನೆನಪಾಗುತ್ತೆ."

ಆ ದಿನ ಮೇಘಶ್ರೀ ಒಬ್ಬೊಬ್ಬರ ಬೆರಳು ಯಾವುದೆಂದು ಅವರನ್ನೇ ಕೇಳುತ್ತ ಹೋದರು. ನೂರ ನಲವತ್ತಮೂರು ಜನರ ಬೆರಳುಗಳು ಗಿರಿಜಾದೇವಿಯ ನೆನಪಿನಲ್ಲಿದ್ದವು.

ಮಾರ್ಚಿನಲ್ಲಿ ಮೇಜು ಮುಚ್ಚಲಿಲ್ಲ. ಟ್ರಸ್ಟು ಇನ್ನೊಂದು ವರ್ಷಕ್ಕೆ ಒಪ್ಪಿದೆ. ಲೆಕ್ಕದ ಆಪು ಈಗ ಐದೂವರೆಗೇ ತೆರೆಯುತ್ತದೆ. ಐದೂ ಮೇಜಿನವರಿಗೆ ಏನೇನು ಬೇಕೆಂದು ಟ್ರಸ್ಟಿನವರು ಕೇಳಿದಾಗ ಒಬ್ಬರು ಫ್ಯಾನು ಕೇಳಿದರು, ಒಬ್ಬರು ಬೋರ್ಡು ಕೇಳಿದರು. ಗಿರಿಜಾದೇವಿ ಕೇಳಿದ್ದು ಬೇರೆ.

"ಆಪಲ್ಲಿ ಹೆಸರಿನ ಪಕ್ಕ ಒಂಚೂರು ಜಾಗ ಬಿಡಿ ಮೇಡಂ, ಯಾವ ಬೆರಳು ಅಂತ ಬರ್ಕೊಳ್ಳೋಕೆ. ನಾನೊಂದಿನ ಇಲ್ದೇ ಹೋದ್ರೂ ಲಕ್ಕವ್ವ ವಾಪಸ್ ಹೋಗ್ಬಾರ್ದು."

ಆ ಜಾಗ ಈಚೆಗೆ ಬಂದಿದೆ. ಮೊದಲ ಸಾಲಿನಲ್ಲಿ ಯಾರ ಹೆಸರು ಬರೆಯಲಿ ಎಂದು ಮೇಘಶ್ರೀ ಕೇಳಿದರು. ಗಿರಿಜಾದೇವಿ ಬೋಗುಣಿಯಿಂದ ಕೈ ತೆಗೆದು ಒರೆಸಿಕೊಂಡರು.

"ನಂದೇ ಬರ್ಕೊಳ್ಳಿ. ಗಿರಿಜಾದೇವಿ, ಬಲಗೈ ಕಿರುಬೆರಳು."